ನಿಂತ ನೀರಿನ ಬೆಳೆ

ಕಾಸಾರಿ, ಕುಂಭೀ, ತುಳಶಿ, ಭೋಗಾವತಿ ಎಂಬ ನಾಲ್ಕು ಹೊಳೆಗಳು ಸಹ್ಯಾದ್ರಿಯ ಪೂರ್ವದ ಇಳಿಜಾರುಗಳಿಂದ ಇಳಿದು ಬಂದು, ಜನರ ಶ್ರದ್ಧೆಯಲ್ಲಿ ಮಾತ್ರ ಹರಿಯುವ ಗುಪ್ತಸರಸ್ವತಿಯನ್ನು ಐದನೆಯವಳನ್ನಾಗಿ ಕೂಡಿಸಿಕೊಂಡು, ಕೋಲ್ಹಾಪುರದ ಮಗ್ಗುಲಿಗಿರುವ ಪ್ರಯಾಗ ಚಿಖಲಿಯಲ್ಲಿ ಪಂಚಗಂಗೆಯೆಂಬ ಒಂದೇ ಹೆಸರನ್ನು ಧರಿಸುತ್ತವೆ. ಅಲ್ಲಿಂದ ಮುಂದೆ ಸುಮಾರು 80 ಕಿಲೋಮೀಟರುಗಳಷ್ಟು ದೂರ ಕಬ್ಬಿನ ಬಯಲನ್ನು ಬಳಸಿಕೊಂಡು ಸಾಗುವ ಆ ನದಿಯು, ದತ್ತಭಕ್ತರಾದ ಕನ್ನಡಿಗರಿಗೆ ಗಾಣಗಾಪುರದಷ್ಟೇ ಪರಿಚಿತವಾದ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಶ್ರಾವಣದಲ್ಲಿ ಇದರ ರಭಸವನ್ನು ಕಂಡವರಿಗೆ ಇದು ಸಣ್ಣ ಹೊಳೆಯೆಂದರೆ ನಂಬಿಕೆ ಬಾರದು. ರಾಜಾರಾಮ ಬಂಧಾರವೆಂಬ ಅಡ್ಡಗಟ್ಟೆಯ ಬಳಿ ನೀರಿನ ಮಟ್ಟವು 39 ಅಡಿಯನ್ನು ಮುಟ್ಟಿತೆಂದರೆ ಎಚ್ಚರಿಕೆ, 43ನ್ನು ಮುಟ್ಟಿತೆಂದರೆ ಅಪಾಯ. ಈ ಎರಡು ಅಂಕಿಗಳು ಕೋಲ್ಹಾಪುರದ ಎಳೆಯ ಮಕ್ಕಳಿಗೂ ಬಾಯಿಪಾಠವಾಗಿವೆ. ಅದೇ ನದಿಯನ್ನು ಫಾಲ್ಗುಣದಲ್ಲಿ ನೋಡಬೇಕು. ರೂಯಿ, ಇಚಲಕರಂಜಿ, ತೇರವಾಡ, ಶಿರೋಳ ಎಂದು ಒಂದರ ಕೆಳಗೊಂದು ಕಟ್ಟಿದ ಬಂಧಾರಗಳ ಹಿಂದೆ ನೀರೆಂಬುದು ಕಣ್ಣಿಗೆ ಬೀಳದೆ, ಈ ದಡದಿಂದ ಆ ದಡದವರೆಗೆ ದಪ್ಪನೆಯ ಹಸುರು ಹಾಸೊಂದು ಹರಡಿರುತ್ತದೆ. ಅದರ ಮೇಲೆ ತಿಳಿನೇರಳೆಯ ಹೂಗೊಂಚಲುಗಳು ಎದ್ದು ನಿಂತಿರುವುದನ್ನು ಕಂಡು, ವಿಷಯವನ್ನರಿಯದ ಪ್ರಯಾಣಿಕನು ಸೇತುವೆಯ ಮೇಲೆ ಗಾಡಿಯನ್ನು ನಿಲ್ಲಿಸಿ ಮೆಚ್ಚಿಕೊಳ್ಳುವುದೂ ಉಂಟು.

ಪಠ್ಯಪುಸ್ತಕದ ಮರಾಠಿಯಲ್ಲಿ ಜಲಪರ್ಣಿ, ಕೋಲ್ಹಾಪುರದ ಆಡುಮಾತಿನಲ್ಲಿ ಕೇಂದಾಳ, ಕೃಷ್ಣಾತೀರದ ನಮ್ಮವರ ಬಾಯಲ್ಲಿ ಅಂತರಗಂಗೆ ಎನಿಸಿಕೊಂಡ ಈ ಸಸ್ಯದ ತವರು ದಕ್ಷಿಣ ಅಮೆರಿಕೆಯ ಅಮೆಝಾನ್ ಜಲಾನಯನ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, ಹೂವಿನ ಚೆಲುವಿಗೆ ಮರುಳಾದವರ ತೋಟದ ಕೊಳಗಳ ಮಾರ್ಗವಾಗಿ ಇದು ಬಂಗಾಳವನ್ನು ಹೊಕ್ಕಿತು. ಕೆಲವೇ ದಶಕಗಳಲ್ಲಿ ಅಲ್ಲಿಯ ಕಾಲುವೆಗಳಲ್ಲಿ ದೋಣಿ ನಡೆಯದಂತಾಗಿ, ಬತ್ತದ ಗದ್ದೆಗಳು ಮುಚ್ಚಿಹೋಗಿ, 1921ರಲ್ಲಿ ಸರಕಾರವು ಜಗದೀಶಚಂದ್ರ ಬೋಸರಂಥ ವಿಜ್ಞಾನಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನೇ ರಚಿಸಬೇಕಾಯಿತು. 1936ರಲ್ಲಿ ಈ ಒಂದು ಗಿಡಕ್ಕಾಗಿ ಶಾಸನವೂ ಹುಟ್ಟಿತು. ಶಾಸನವು ಹುಟ್ಟಿದ ಮಾತ್ರಕ್ಕೆ ಗಿಡವು ಸಾಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದು ಸಾಯದಿರುವುದಕ್ಕೆ ಅದರ ದೇಹರಚನೆಯೇ ಕಾರಣ. ಎಲೆಯ ತೊಟ್ಟು ಉಬ್ಬಿ, ಒಳಗೆ ಗಾಳಿಯನ್ನು ತುಂಬಿಕೊಂಡು, ಇಡೀ ಗಿಡವನ್ನು ತೇಲಿಸುತ್ತದೆ; ಬುಡದಿಂದ ಹೊರಟ ಹಂಬುಗಳು ನೀರಿನ ಮೇಲೆಯೇ ಚಾಚಿ, ತುದಿಯಲ್ಲಿ ಹೊಸ ಗಿಡವನ್ನು ತಳೆಯುತ್ತವೆ. ನೀರಿನಲ್ಲಿ ಸಾರಜನಕವೂ ರಂಜಕವೂ ಯಥೇಷ್ಟವಾಗಿದ್ದು ಬಿಸಿಲೂ ಹದವಾಗಿದ್ದರೆ, ಒಂದೆರಡು ವಾರಗಳಲ್ಲಿ ಅದರ ಹರವು ಇಮ್ಮಡಿಯಾಗುವುದು ಸಾಮಾನ್ಯ ಸಂಗತಿ. ಮೇಲಿನ ಹಾಸನ್ನೆಲ್ಲ ಎಳೆದು ಹಾಕಿದರೂ ಕೆಸರಿನಲ್ಲಿ ಬಿದ್ದ ಬೀಜಗಳು ಹತ್ತು ಹದಿನೈದು ವರ್ಷಗಳ ಕಾಲ ಜೀವ ಹಿಡಿದಿರಬಲ್ಲವು. ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ ಆಗಿರುವುದರಿಂದ, ಅದನ್ನು ದಡಕ್ಕೆ ಹೊತ್ತು ಹಾಕುವವನು ವಾಸ್ತವದಲ್ಲಿ ನದಿಯ ನೀರನ್ನೇ ಹೊರುತ್ತಿರುತ್ತಾನೆ. ಹಾಸಿನ ಅಡಿಯಲ್ಲಿ ಬೆಳಕೂ ಇಲ್ಲ, ಗಾಳಿಯ ಸಂಪರ್ಕವೂ ಇಲ್ಲ. ಆಮ್ಲಜನಕ ಕುಗ್ಗಿದ ಆ ಕತ್ತಲೆಯಲ್ಲಿ ಮೀನುಗಳು ಸಾಯುತ್ತವೆ, ಸೊಳ್ಳೆಗಳು ಬದುಕುತ್ತವೆ.

ಇಷ್ಟನ್ನು ಯಾವ ಊರಿನ ಕೆರೆಯನ್ನು ಕುರಿತೂ ಬರೆಯಬಹುದು. ಪಂಚಗಂಗೆಯ ವಿಷಯದಲ್ಲಿ ವಿಶೇಷವಾಗಿ ಆಲೋಚಿಸಬೇಕಾದುದು ಬೇರೊಂದಿದೆ. ನಿಂತ ನೀರಿನ ಈ ಗಿಡವು ಹರಿಯುವ ನದಿಯಲ್ಲಿ ಮನೆ ಮಾಡಿದ್ದು ಹೇಗೆ?

ಕೋಲ್ಹಾಪುರವು ಭಾರತದ ನೀರಾವರಿ ಶಾಸ್ತ್ರಕ್ಕೆ ತನ್ನ ಹೆಸರಿನಲ್ಲಿಯೇ ಒಂದು ಕಟ್ಟೋಣವನ್ನು ಕೊಟ್ಟಿದೆ. ಕೋಲ್ಹಾಪುರ ಮಾದರಿಯ ಬಂಧಾರವೆಂದು ದೇಶದಾದ್ಯಂತ ಪ್ರಸಿದ್ಧವಾದ ಆ ಕಟ್ಟೋಣದ ಯುಕ್ತಿ ಬಹಳ ಸರಳವಾದದ್ದು, ಸರಳವಾಗಿರುವುದರಿಂದಲೇ ಶ್ಲಾಘ್ಯವಾದದ್ದು. ನದಿಗೆ ಅಡ್ಡಲಾಗಿ ಕಲ್ಲಿನ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಕಂಬಗಳ ಮೈಯಲ್ಲಿ ತೋಡುಗಳನ್ನು ಕೊರೆದು, ಮಳೆಗಾಲವು ಮುಗಿದು ಪ್ರವಾಹವು ಇಳಿದ ಮೇಲೆ ಆ ತೋಡುಗಳಲ್ಲಿ ಹಲಗೆಗಳನ್ನು ಇಳಿಬಿಡುತ್ತಾರೆ. ಇವಕ್ಕೆ ಅಲ್ಲಿನವರು ಬರಗೆ ಎನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಎರಡು ಸಾಲು ಮರದ ಹಲಗೆಗಳನ್ನು ಹಾಕಿ ನಡುವೆ ಜಿಗುಟು ಮಣ್ಣನ್ನು ತುಂಬುತ್ತಿದ್ದರು. ಹೀಗೆ ನಿಂತ ನೀರನ್ನು ಪಂಪುಗಳಿಂದ ಎತ್ತಿ ಚಳಿಗಾಲ ಬೇಸಗೆಗಳಲ್ಲಿ ಹೊಲಗಳಿಗೆ ಹಾಯಿಸಿ, ಮತ್ತೆ ಮುಂಗಾರು ಸಮೀಪಿಸಿದೊಡನೆ ಬರಗೆಗಳನ್ನು ಕಿತ್ತಿಟ್ಟರೆ, ಪ್ರವಾಹವು ಹೂಳನ್ನು ಹೊತ್ತುಕೊಂಡು ಅಡೆತಡೆಯಿಲ್ಲದೆ ಹಾದುಹೋಗುತ್ತದೆ. ಶಾಹೂ ಮಹಾರಾಜರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಭೋಗಾವತಿಯ ಮೇಲೆ ಆರಂಭಿಸಿದ, ಬಹುಕಾಲ ಹಿಡಿದು ಪೂರ್ಣಗೊಂಡ ರಾಧಾನಗರಿಯ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಈ ಬಂಧಾರಗಳು ಹಂತಹಂತವಾಗಿ ಹಿಡಿದಿಟ್ಟುಕೊಂಡುದರಿಂದಲೇ, ಒಂದು ಕಾಲಕ್ಕೆ ಜೋಳವನ್ನು ಬೆಳೆಯುತ್ತಿದ್ದ ನೆಲವು ಕಬ್ಬಿನ ಬೀಡಾಯಿತು. ಕೋಲ್ಹಾಪುರದ ಬೆಲ್ಲಕ್ಕೆ ಹೆಸರು ಬಂದಿತು, ಸಹಕಾರಿ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಎದ್ದವು. ಈ ಉಪಕಾರವನ್ನು ಮರೆತು ಬಂಧಾರವನ್ನು ನಿಂದಿಸುವುದು ಕೃತಘ್ನತೆಯಾದೀತು.

ಆದರೂ ವಸ್ತುಸ್ಥಿತಿಯನ್ನು ಹೇಳಬೇಕಾಗಿದೆ. ಬರಗೆ ಹಾಕಿದ ಮೇಲೆ ಪಂಚಗಂಗೆಯು ವರ್ಷದ ಏಳೆಂಟು ತಿಂಗಳು ನದಿಯಾಗಿ ಉಳಿಯುವುದಿಲ್ಲ. ಒಂದರ ಕೆಳಗೊಂದು ಜೋಡಿಸಿದ ಕೆರೆಗಳ ಮಾಲೆಯಾಗುತ್ತದೆ. ಬೇಸಗೆಯಲ್ಲಿ ತೆಳುವಾಗಿ ಹರಿದು ಮರಳು ಕಾಣಬೇಕಾಗಿದ್ದ ಹೊಳೆಗೆ ನಾವು ಬೇಸಗೆಯೆಂಬ ಋತುವನ್ನೇ ಇಲ್ಲವಾಗಿಸಿದ್ದೇವೆ. ಅಮೆಝಾನಿನ ಹಿನ್ನೀರಿನಲ್ಲಿ ಹುಟ್ಟಿದ ಗಿಡಕ್ಕೆ ಬೇಕಾದುದು ಇಂಥ ಬಿಸಿಲಿಗೆ ಕಾದ, ಆಳವಾದ, ಚಲನೆಯಿಲ್ಲದ ನೀರು.

ಇನ್ನು ಅದರ ಆಹಾರದ ಮಾತು. ಕೋಲ್ಹಾಪುರ ನಗರದ ಕೊಳೆನೀರನ್ನು ತಲೆತಲಾಂತರದಿಂದ ಜಯಂತಿ ನಾಲೆ, ದುಧಾಳಿ ನಾಲೆಗಳು ನದಿಗೆ ತಂದೊಪ್ಪಿಸುತ್ತಿದ್ದವು. ಕಸಬಾ ಬಾವಡಾದಲ್ಲಿ ಶುದ್ಧೀಕರಣದ ಘಟಕವು ನಿಂತ ಮೇಲೆಯೂ ಅವು ಸಂಪೂರ್ಣವಾಗಿ ಸುಮ್ಮನಾಗಿಲ್ಲ. ನದಿಯ ಎರಡೂ ಕಡೆಯ ಕಬ್ಬಿಗೆ ಹಾಕಿದ ಯೂರಿಯಾ, ಡಿಎಪಿಗಳಲ್ಲಿ ಬೆಳೆಯು ಹೀರಿಕೊಂಡು ಮಿಕ್ಕಿದ್ದು ಬಸಿದು ಅದೇ ನೀರನ್ನು ಸೇರುತ್ತದೆ. 1904ರಲ್ಲಿ ಘೋರ್ಪಡೆ ಮನೆತನದ ಸಂಸ್ಥಾನಾಧಿಪತಿ ನಾರಾಯಣರಾವ ಬಾಬಾಸಾಹೇಬರ ಆಶ್ರಯದಲ್ಲಿ ಮೊದಲ ಯಂತ್ರಮಗ್ಗವನ್ನು ಕಂಡು, ಮುಂದೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ಗಳಿಸಿದ ಇಚಲಕರಂಜಿಯಲ್ಲಿ ಮಗ್ಗದ ಸದ್ದು ನಿಲ್ಲುವುದೇ ಅಪರೂಪ. ನೂಲಿಗೂ ಬಟ್ಟೆಗೂ ಬಣ್ಣ ಕಟ್ಟಿ ತೊಳೆದ ನೀರು ಕಾಳಾ ಓಢಾ ಎಂಬ ಅನ್ವರ್ಥನಾಮದ ಹಳ್ಳದಲ್ಲಿ ಹರಿದು ಪಂಚಗಂಗೆಯತ್ತ ಹೋಗುತ್ತದೆ. 2012ರ ಬೇಸಗೆಯಲ್ಲಿ ಆ ಪಟ್ಟಣದಲ್ಲಿ ಕಲುಷಿತ ನೀರಿನಿಂದ ಹಬ್ಬಿದ ಕಾಮಾಲೆಯು ಹಲವರನ್ನು ಬಲಿ ತೆಗೆದುಕೊಂಡ ನೆನಪು ಇನ್ನೂ ಮಾಸಿಲ್ಲ. ನದಿಯ ದಡದಲ್ಲಿದ್ದೂ ಕುಡಿಯುವ ನೀರಿಗಾಗಿ ಕೃಷ್ಣೆಯನ್ನೂ ದೂಧಗಂಗೆಯನ್ನೂ ನೋಡಬೇಕಾದ ದುರವಸ್ಥೆ ಈ ಊರಿನದು. ದೂಧಗಂಗೆಯ ಕಡೆಯವರು ನೀರನ್ನು ಕೊಡಲೊಲ್ಲೆವೆಂದು ವಿರೋಧಿಸಿದ್ದೂ ಅಷ್ಟೇ ಸಹಜ.

ಪ್ರತಿವರ್ಷವೂ ಹಾಸು ದಟ್ಟವಾಗಿ, ದುರ್ಗಂಧವೆದ್ದು, ಸತ್ತ ಮೀನಿನ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ ನಿರ್ಮೂಲನದ ಉತ್ಸಾಹವು ಎಲ್ಲರಲ್ಲಿಯೂ ಏಕಕಾಲಕ್ಕೆ ಉದಿಸುತ್ತದೆ. ಶ್ರಮದಾನಗಳಾಗುತ್ತವೆ, ಯಂತ್ರಗಳು ಬರುತ್ತವೆ, ಛಾಯಾಚಿತ್ರಗಳು ಪ್ರಕಟವಾಗುತ್ತವೆ. ಕೋಲ್ಹಾಪುರದ ರಂಕಾಳದ ಕೆರೆಯಂಥ ಒಂದು ಎಲ್ಲೆಯುಳ್ಳ ಜಲಾಶಯದಲ್ಲಿ ಇಂಥ ಪ್ರಯತ್ನಕ್ಕೆ ಫಲವುಂಟು. ಅಲ್ಲಿಯೂ ಕೇಂದಾಳವನ್ನು ತೆಗೆದ ಮೇಲೆ ನಾಲೆಗಳ ಕೊಳೆನೀರು ನಿಲ್ಲದೆ ಹೋದುದರಿಂದ ನೀರು ಪಾಚಿಗಟ್ಟಿ ಹಸುರಾದ ವರ್ಷಗಳಿವೆ. ನದಿಯಲ್ಲಿಯಾದರೋ, ಮಾರ್ಚಿ ಏಪ್ರಿಲುಗಳಲ್ಲಿ ಕೈಯಿಕ್ಕಿದವನು ಬೆಳವಣಿಗೆಯ ಉತ್ತುಂಗದಲ್ಲಿರುವ ಗಿಡದೊಡನೆ ಓಟಕ್ಕೆ ನಿಂತಂತಾಗುತ್ತದೆ. ಕಿತ್ತು ದಡದ ಮೇಲೆ ಒಟ್ಟಿದ ರಾಶಿಯು ಅಲ್ಲಿಯೇ ಕೊಳೆತು, ಹೀರಿಕೊಂಡಿದ್ದ ಸತ್ತ್ವವನ್ನೆಲ್ಲ ಮತ್ತೆ ನೀರಿಗೇ ಹಿಂದಿರುಗಿಸುತ್ತದೆ. ಅಷ್ಟರಲ್ಲಿ ಜೂನ್ ಬರುತ್ತದೆ, ಬರಗೆಗಳು ಮೇಲೇಳುತ್ತವೆ, ಮೊದಲ ಹೊಸನೀರು ಹಾಸನ್ನೆಲ್ಲ ಒಂದೆರಡು ದಿನಗಳಲ್ಲಿ ಗುಡಿಸಿಕೊಂಡು ಹೋಗುತ್ತದೆ. ಯಾವ ಗುತ್ತಿಗೆದಾರನೂ ಇಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದನ್ನು ನಾನು ಕಾಣೆ. ಬಿಲ್ಲನ್ನೂ ಕಳುಹಿಸದ ಈ ಗುತ್ತಿಗೆದಾರನು ಗಿಡವನ್ನು ಎಲ್ಲಿಗೆ ಒಯ್ದನೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕುರುಂದವಾಡದ ಸೇತುವೆಯ ಕಂಬಗಳಿಗೆ ಒತ್ತಿ, ಕೃಷ್ಣೆಗೆ ಹಾರಿ, ಚಿಕ್ಕೋಡಿ ತಾಲೂಕಿನ ಯಡೂರಿನತ್ತ ಅದು ತೇಲಿ ಬರುತ್ತದೆ. ಅಲ್ಲಿ ನಮ್ಮ ಕಲ್ಲೋಳ–ಯಡೂರಿನ ಬಂಧಾರವೂ ಮುಂದಿನ ಚಳಿಗಾಲಕ್ಕೆ ನೀರನ್ನು ನಿಲ್ಲಿಸಿಕೊಳ್ಳಲು ಕಾದಿರುತ್ತದೆ.

ಗಿಡವನ್ನು ಗಿಡದ ವೈರಿಯಿಂದಲೇ ಜಯಿಸುವ ವಿದ್ಯೆಯೊಂದುಂಟು. ಅದರ ಅತಿ ಪುರಾತನವಾದ ನಿದರ್ಶನವು ಭಾರತದ್ದೇ ಎಂಬುದು ಹಲವರಿಗೆ ತಿಳಿಯದು. ಹಿಂದಿನ ತಲೆಮಾರಿನ ಒಕ್ಕಲುಮಕ್ಕಳು ಬದುಗಳಲ್ಲಿ ಹಬ್ಬಿದ್ದ ಪಾಪಾಸುಕಳ್ಳಿಯನ್ನು ಬಲ್ಲರಷ್ಟೆ. ಕೋಲ್ಹಾಪುರದ ಕಡೆ ಅದನ್ನು ಫಡ್ಯಾ ನಿವಡುಂಗ ಎನ್ನುತ್ತಾರೆ. ಅದೂ ಅಮೆರಿಕೆಯಿಂದ ಬಂದುದು. ಆ ಕಳ್ಳಿಯ ಮೇಲೆ ಬದುಕುವ ಒಂದು ಜಾತಿಯ ಕೀಟದಿಂದ ಕಡುಗೆಂಪು ಬಣ್ಣವನ್ನು ತೆಗೆಯಬಹುದಾಗಿದ್ದು, ಆ ಬಣ್ಣದ ವ್ಯಾಪಾರದ ಲಾಭಕ್ಕೆ ಆಸೆಪಟ್ಟ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, 1795ರಲ್ಲಿ, ಬ್ರೆಜಿಲಿನಿಂದ ಕಲ್ಕತ್ತೆಗೆ ಕೀಟಗಳನ್ನು ತರಿಸಲಾಯಿತು. ಬಂದುದು ನಿಜವಾದ ಬಣ್ಣದ ಕೀಟವಾಗಿರದೆ ಅದರ ದಾಯಾದಿಯಾಗಿದ್ದಿತು. ಬಣ್ಣವು ಕೈಗೂಡಲಿಲ್ಲ, ಕಳ್ಳಿಯು ಮಾತ್ರ ಮೈಲಿಗಟ್ಟಲೆ ಒಣಗಿ ನೆಲಕ್ಕೊರಗಿತು. 1830ರ ದಶಕದಲ್ಲಿ ಅದನ್ನು ಬುದ್ಧಿಪೂರ್ವಕವಾಗಿಯೇ ದಕ್ಷಿಣಕ್ಕೆ ತಂದು ಬಿಟ್ಟರು. ಅದು ಮುಟ್ಟದ ಇನ್ನೊಂದು ಜಾತಿಯ ಕಳ್ಳಿಗಾಗಿ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಕೀಟವು ಬಂದಿತು. ಬಣ್ಣದ ವ್ಯಾಪಾರದಲ್ಲಿ ಆದ ಒಂದು ತಪ್ಪು ಲೆಕ್ಕವು ನೆಲವನ್ನು ಕಳ್ಳಿಯಿಂದ ಬಿಡಿಸಿತೆಂಬ ಕಥೆಯನ್ನು, ಬಣ್ಣದ ನೀರಿನಿಂದ ನೊಂದ ಇಚಲಕರಂಜಿಯ ದಡದಲ್ಲಿ ನಿಂತು ನೆನೆಯುವಾಗ ಯಾರಿಗಾದರೂ ಸಣ್ಣ ನಗು ಬಂದೀತು.

ಜಲಪರ್ಣಿಗೂ ಇಂಥ ವೈರಿಯಿದೆ. ನಿಯೋಕೆಟೀನಾ ಎಂಬ ಕುಲದ, ಸೊಂಡಿಲಿನಂಥ ಮೂತಿಯ ಜೀರುಂಡೆಗಳನ್ನು 1980ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಅಲ್ಲಿಯ ಕೆರೆಗಳಲ್ಲಿ ಬಿಟ್ಟರು. ಮರಿಹುಳುಗಳು ತೊಟ್ಟನ್ನೂ ಬುಡವನ್ನೂ ಕೊರೆದು, ಗಿಡವು ತೇಲುವ ಶಕ್ತಿಯನ್ನು ಕಳೆದುಕೊಂಡು ಮುಳುಗುವಂತೆ ಮಾಡುತ್ತವೆ. ಕೆಲವು ಕೆರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಉತ್ತಮ ಫಲವು ದೊರೆಯಿತು. ಆದರೆ ಕೀಟದ ಸಂಸಾರವು ಬೆಳೆಯುವುದಕ್ಕೆ ಕಾಲಾವಕಾಶ ಬೇಕು, ಒಂದೆಡೆ ನೆಲೆಯೂ ಬೇಕು; ಪ್ರತಿ ಆಷಾಢದಲ್ಲಿಯೂ ಗಿಡದೊಡನೆ ಕೀಟವನ್ನೂ ಸಮುದ್ರದ ದಾರಿ ಹಿಡಿಸುವ ಪಂಚಗಂಗೆಯಲ್ಲಿ ಆ ನೆಲೆಯಿಲ್ಲ. ಕೆಸರಿನ ಬೀಜವೂ ಮೇಲಿನ ಹಳ್ಳಗಳಲ್ಲಿ ಉಳಿದ ನಾಲ್ಕು ಗಿಡವೂ ಚಳಿಗಾಲದಲ್ಲಿ ಮತ್ತೆ ಆರಂಭಿಸುವಾಗ ಅವನ್ನು ತಿನ್ನುವ ಜೀರುಂಡೆಯು ಹತ್ತಿರದಲ್ಲಿರುವುದಿಲ್ಲ. ಕೆರೆಯಲ್ಲಿ ಗೆದ್ದ ವಿದ್ಯೆಯನ್ನು ವರ್ಷದಲ್ಲಿ ನಾಲ್ಕು ತಿಂಗಳು ನದಿಯಾಗಿ, ಎಂಟು ತಿಂಗಳು ಕೆರೆಯಾಗಿ ಬದುಕುವ ಜಲರಾಶಿಗೆ ಹಾಗೆಯೇ ಅನ್ವಯಿಸಲಾಗದು.

ಕೋಲ್ಹಾಪುರದಿಂದ ತೆಂಕಣಕ್ಕೆ, ಹಿರಣ್ಯಕೇಶಿಯ ದಡದ ಗಡಹಿಂಗ್ಲಜಕ್ಕೆ ಬಂದರೆ, ನೀರಿನ ಋತು ಬದಲಾದೊಡನೆ ಗಿಡವು ಗೆದ್ದು ಅದರ ವೈರಿಯು ಸೋಲುವ ಇದೇ ತತ್ತ್ವವು ಒಣ ನೆಲದ ಮೇಲೆ ಕಾಣುತ್ತದೆ. ಆಂಬೋಲಿಯ ಕಾಡಿನಲ್ಲಿ ಹುಟ್ಟಿ, ಆಜರಾ ಗಡಹಿಂಗ್ಲಜಗಳನ್ನು ದಾಟಿ, ಸಂಕೇಶ್ವರದ ಮಾರ್ಗವಾಗಿ ಘಟಪ್ರಭೆಗೆ ಹೋಗುವ ಈ ಹೊಳೆಯ ಮೇಲೆಯೂ ಬಂಧಾರಗಳ ಸಾಲಿದೆ; ದಡದ ಹಳ್ಳಿಗಳಲ್ಲಿ ಕನ್ನಡ ಮರಾಠಿಗಳು ಒಂದೇ ಅಂಗಳದಲ್ಲಿ ಆಡುತ್ತವೆ. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಅಮೆರಿಕೆಯ ಗೋದಿಯೊಡನೆ ಬಂದಿತೆಂದು ಜನರೆಲ್ಲ ನಂಬಿರುವ ಪಾರ್ಥೇನಿಯಂ, ಎಂದರೆ ನಮ್ಮ ಕಾಂಗ್ರೆಸ್ ಕಸ, ಇಲ್ಲಿಯ ಗಾಯರಾನಗಳೆಂಬ ಗೋಮಾಳಗಳನ್ನೂ ರಸ್ತೆಯ ಅಂಚುಗಳನ್ನೂ ಆಕ್ರಮಿಸಿ ಎಷ್ಟೋ ಕಾಲವಾಯಿತು. ಮುಟ್ಟಿದವರಿಗೆ ತುರಿಕೆ, ಉಸಿರಾಡಿದವರಿಗೆ ಉಬ್ಬಸ, ತಿಂದ ಎಮ್ಮೆಯ ಹಾಲಿಗೆ ಕಹಿ. ಒಂದೊಂದು ಗಿಡಕ್ಕೆ ಸಹಸ್ರಾವಧಿ ಬೀಜ. ಕರ್ನಾಟಕ ಸರಕಾರವು 1975ರಲ್ಲಿಯೇ ಇದನ್ನು ಕೃಷಿಪೀಡೆಯೆಂದು ಘೋಷಿಸಿತು. ಮೆಕ್ಸಿಕೋದ ಝೈಗೋಗ್ರಾಮಾ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟುದು, ಅದು ಸೂರ್ಯಕಾಂತಿಯನ್ನೂ ತಿನ್ನುತ್ತದೆಂಬ ಭೀತಿ ಹಬ್ಬಿ ವಿಚಾರಣೆ ನಡೆದುದು, ಕೊನೆಗೆ ಅದು ನಿರಪರಾಧಿಯೆಂದು ತೀರ್ಮಾನವಾದುದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ 1997ರ ಅಕ್ಟೋಬರಿನಲ್ಲಿ ಈ ಒಂದು ಗಿಡವನ್ನೇ ಕುರಿತು ಅಂತರರಾಷ್ಟ್ರೀಯ ಸಮ್ಮೇಳನವು ಸೇರಿದುದು, ಇವೆಲ್ಲ ನಮ್ಮ ಕಡೆಯ ವೃತ್ತಾಂತಗಳೇ. ತಗಟೆಯ ಕುಲದ ಸಣ್ಣ ಹಳದಿ ಹೂವಿನ ಕ್ಯಾಸಿಯಾವನ್ನು ಬಿತ್ತಿ ಪಾರ್ಥೇನಿಯಂನ ಜಾಗವನ್ನು ಕಸಿಯುವ ಉಪಾಯವನ್ನೂ ಅಲ್ಲಿಯ ವಿದ್ವಾಂಸರು ಪ್ರಚಾರ ಮಾಡಿದರು. ಆ ಕ್ಯಾಸಿಯಾ ಕೂಡ ಅಮೆರಿಕೆಯದೇ. ಒಬ್ಬ ಕರೆಯದ ಅತಿಥಿಯನ್ನು ಎಬ್ಬಿಸಲು ಇನ್ನೊಬ್ಬನನ್ನು ಕೂರಿಸಿದಂತೆ.

ಮೆಕ್ಸಿಕೋದ ಆ ಜೀರುಂಡೆಯು ಮಳೆ ಬಿದ್ದಾಗ ಎದ್ದು, ಎಲೆಗಳನ್ನು ತಿಂದು, ಮಳೆ ಹಿಂದೆಗೆದ ಮೇಲೆ ಮಣ್ಣಿನಲ್ಲಿ ಹುದುಗಿ ನಿದ್ರೆ ಮಾಡುತ್ತದೆ. ಮಳೆಯನ್ನೇ ನಂಬಿದ ಬಯಲಿನಲ್ಲಿ ಇದು ಸರಿಯಾದ ಹೊಂದಿಕೆ. ಕಾಲುವೆಯಿಂದ ಮಾಘದಲ್ಲಿಯೂ ಚೈತ್ರದಲ್ಲಿಯೂ ನೀರು ಹಾಯುವ ಕಬ್ಬಿನ ಹೊಲದ ಬದುವಿನಲ್ಲಿಯಾದರೋ, ಗಿಡಕ್ಕೆ ವರ್ಷವೆಲ್ಲ ಮಳೆಗಾಲ. ಅದನ್ನು ತಿನ್ನುವ ಕೀಟಕ್ಕೆ ಮಾತ್ರ ಹಳೆಯ ಪಂಚಾಂಗ. ಈ ಮಾತನ್ನು ಗಡಹಿಂಗ್ಲಜದ ಹತ್ತಿರ ಕುಳೆ ಕಬ್ಬಿನಲ್ಲಿ ಕಸ ತೆಗೆಯುತ್ತಿದ್ದ ಒಬ್ಬ ಹಿರಿಯ ಹೆಂಗಸು ನನಗಿಂತ ಚೆನ್ನಾಗಿ ಹೇಳಿದಳು. "ಕಸಾ ತಾನಾಗೇ ಬರೂದಿಲ್ಲೋ ತಮ್ಮಾ, ನೀರ ಬಿಟ್ಟಲ್ಲಿ ಬರತೈತಿ. ಜ್ವಾಳದ ಹೊಲದಾಗ ಎರಡ ಸಲ ತಗದ್ರ ಮುಗೀತಿತ್ತು. ಈಗ ವರ್ಷಪೂರ್ತಿ ಕುರಪಿ ಕೈಯಾಗ." ಕಸನಾಶಕವನ್ನು ಸಿಂಪಡಿಸುವುದು ಹೆಚ್ಚಿದಂತೆ ಕೂಲಿಯ ದಿನಗಳು ಕಡಿಮೆಯಾಗಿರುವುದನ್ನೂ ಅವಳು ಹೇಳಿದಳು, ಅದರಿಂದ ಸಂತೋಷವೋ ದುಃಖವೋ ಎಂಬುದು ಅವಳ ಧ್ವನಿಯಿಂದ ತಿಳಿಯುವಂತಿರಲಿಲ್ಲ.

ಕಸವು ಧನವನ್ನು ತಿನ್ನುತ್ತದೆಂದು ಮರಾಠಿಯಲ್ಲಿ ಗಾದೆಯಿದೆ. ಕೋಲ್ಹಾಪುರದ ಕೃಷಿಕ ಲೇಖಕರಾದ ಪ್ರತಾಪ ಚಿಪಳೂಣಕರರು ಆ ಗಾದೆಯನ್ನೇ ತಿರುಗಿಸಿ, ಕಸವು ಧನವನ್ನು ಕೊಡುತ್ತದೆಂದು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಉಳುಮೆಯನ್ನು ಬಿಟ್ಟು, ಹಿಂದಿನ ಬೆಳೆಯ ಬೇರನ್ನೂ ಕಸದ ಬೇರನ್ನೂ ನೆಲದೊಳಗೇ ಕೊಳೆಯಲು ಬಿಟ್ಟರೆ ಮಣ್ಣಿಗೆ ಗೊಬ್ಬರವನ್ನು ಹೊರಗಿನಿಂದ ಹೊರಬೇಕಾಗಿಲ್ಲವೆಂಬುದು ಅವರ ಪ್ರತಿಪಾದನೆ. ಬೆಳೆದ ಕಸವನ್ನು ಕೊಲ್ಲಲು ರಾಸಾಯನಿಕವನ್ನು ಬಳಸುವ ಮಾರ್ಗವು ಎಲ್ಲರಿಗೂ ಒಪ್ಪಿಗೆಯಾಗದು, ನನಗೂ ಅದರಲ್ಲಿ ಸಂಶಯವುಂಟು. ಆದರೂ ಹೊಲದಲ್ಲಿ ತಾನಾಗಿ ಬೆಳೆದುದನ್ನೆಲ್ಲ ಶತ್ರುವೆಂದು ಎಣಿಸದೆ ಅದಕ್ಕೊಂದು ಕೆಲಸವನ್ನು ಕೊಟ್ಟ ಬುದ್ಧಿಯು ಗೌರವಾರ್ಹವಾದುದು.

ಘಟ್ಟದ ಕಡೆಯ ಕಥೆಯನ್ನು ಇಲ್ಲಿ ವಿಸ್ತರಿಸಲು ಸ್ಥಳವಿಲ್ಲ. ಆಜರಾ, ರಾಧಾನಗರಿಗಳ ಕಾಡಿನ ಅಂಚಿನಲ್ಲಿ ಘಾಣೇರಿ ಎಂಬ ಲಂಟಾನವೂ ರಾನಮೋಡಿ ಎಂಬ ಯುಪಟೋರಿಯಮ್ಮೂ ಹುಲ್ಲಿನ ಜಾಗವನ್ನು ನುಂಗುತ್ತಿವೆ. ಕಾಡುಕೋಣಗಳಿಗೆ ಹೆಸರಾದ ರಾಧಾನಗರಿಯ ಅಭಯಾರಣ್ಯದಲ್ಲಿ ಹುಲ್ಲು ಕಡಿಮೆಯಾದರೆ ಅವು ಕಬ್ಬಿನ ಕಡೆಗೆ ಬಾರದೆ ಮತ್ತೆಲ್ಲಿಗೆ ಹೋಗಬೇಕು? ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಎಂ. ಎಂ. ಸರದೇಸಾಯಿಯವರು 2002ರಲ್ಲಿ ಪ್ರಕಟಿಸಿದ ಕೋಲ್ಹಾಪುರ ಜಿಲ್ಲೆಯ ಸಸ್ಯಸಂಪತ್ತಿನ ಬೃಹದ್ಗ್ರಂಥವನ್ನು ತಿರುವಿದರೆ, ಕಂದೀಲಿನ ಆಕಾರದ ಹೂವುಳ್ಳ ಸೆರೊಪೀಜಿಯಾದಂಥ ಎಷ್ಟು ಅಪೂರ್ವ ಗ್ರಾಮಸ್ಥರು ಈ ಹುಲ್ಲಿನ ಇಳಿಜಾರುಗಳಲ್ಲಿ ಮನೆ ಮಾಡಿಕೊಂಡಿದ್ದಾರೆಂಬುದು ತಿಳಿಯುತ್ತದೆ. ರಾನಮೋಡಿಯನ್ನು ಕಡಿಯುವುದಿದ್ದರೆ ಹೂ ಬಿಡುವ ಮುನ್ನ, ಕಾರ್ತಿಕದೊಳಗೆ ಕಡಿಯಬೇಕು. ಬೀಜವು ಗಾಳಿಗೆ ಹಾರಿದ ಮೇಲೆ, ಅಥವಾ ಬೇಸಗೆಯಲ್ಲಿ ಬೆಂಕಿಯಿಟ್ಟು, ಕಡಿದೆವೆಂದು ಹೇಳಿಕೊಳ್ಳುವುದರಿಂದ ಬುಡದಲ್ಲಿ ಇನ್ನೂ ನಾಲ್ಕು ಚಿಗುರು ಹೆಚ್ಚುತ್ತವೆ.

ಪಂಚಗಂಗೆಯಲ್ಲಿಯೂ ಕೆಲಸದ ಮುಹೂರ್ತವು ಕಾರ್ತಿಕವೇ. ಬರಗೆಗಳು ಇಳಿದ ಮೊದಲ ವಾರಗಳಲ್ಲಿ ನೀರು ಇನ್ನೂ ಬಯಲಾಗಿರುತ್ತದೆ. ಹಳ್ಳಗಳ ಬಾಯಲ್ಲಿ, ದಡದ ಜೊಂಡಿನ ಮರೆಯಲ್ಲಿ, ಅಲ್ಲೊಂದು ಇಲ್ಲೊಂದು ಗಿಡದ ಗುಂಪು ಕಾಣುತ್ತದೆ. ಆಗ ಬೇಕಾದುದು ಒಂದೆರಡು ದೋಣಿ, ಕೆಲವು ಮಂದಿ ಅಂಬಿಗರು, ಮತ್ತು ಪ್ರತಿವಾರವೂ ತಪ್ಪದೆ ಮಾಡುವ ಗಸ್ತು. ಈ ಕೆಲಸವು ಯಾರದೆಂಬುದೇ ತೊಡಕು. ಬಂಧಾರವು ನೀರಾವರಿ ಇಲಾಖೆಯದು, ನೀರಿನ ಗುಣವು ಮಾಲಿನ್ಯ ನಿಯಂತ್ರಣ ಮಂಡಳಿಯದು, ದಡವು ಪಂಚಾಯತಿಯದು, ಕೊಳೆಯು ಮಹಾನಗರಪಾಲಿಕೆಯದು. ನಾಲ್ವರ ನಡುವೆ ಗಿಡವು ನಿಶ್ಚಿಂತವಾಗಿ ತೇಲುತ್ತದೆ. ಇವರೆಲ್ಲರಿಗಿಂತ ಹತ್ತಿರದಲ್ಲಿರುವವರು ನದಿಯಿಂದ ನೀರೆತ್ತುವ ರೈತರ ಸಹಕಾರಿ ಸಂಘಗಳು. ಪಂಪಿನ ಬಾಯಿಗೆ ಕೇಂದಾಳವು ಸಿಕ್ಕಿಕೊಂಡು ಮೊದಲು ತೊಂದರೆಪಡುವವರೂ ಅವರೇ. ಸದಸ್ಯರಿಂದ ನೀರಿನ ಪಟ್ಟಿಯನ್ನು ವಸೂಲು ಮಾಡುವ ಪದ್ಧತಿ ಅವರಲ್ಲಿ ಆಗಲೇ ಇದೆ. ಬಂಧಾರದಿಂದ ಬಂಧಾರದವರೆಗಿನ ನೀರನ್ನು ಒಂದೊಂದು ಸಂಘದ ಕಾವಲಿಗೆ ಒಪ್ಪಿಸಿ, ಇಲಾಖೆಯು ದೋಣಿಯನ್ನೂ ಕೂಲಿಯನ್ನೂ ಕೊಟ್ಟರೆ, ಮಾರ್ಚಿಯಲ್ಲಿ ಯಂತ್ರಗಳಿಗೆ ಸುರಿಯುವ ಹಣದ ಬಹುಭಾಗ ಉಳಿದೀತು. ಕೋಲ್ಹಾಪುರದ ಮೇಲಿನ ಭಾಗದಲ್ಲಿ ತೆಗೆದ ಗಿಡವನ್ನು ದಡದಿಂದ ದೂರ ಒಯ್ದು ಗೊಬ್ಬರ ಮಾಡಿ ಕಬ್ಬಿಗೆ ಹಾಕಬಹುದು. ಇಚಲಕರಂಜಿಯ ಕೆಳಗಿನದನ್ನು ಹಾಗೆ ಬಳಸುವ ಮುನ್ನ ಪರೀಕ್ಷಿಸಬೇಕು, ಏಕೆಂದರೆ ನೀರಿನೊಳಗಿನ ಭಾರಲೋಹಗಳನ್ನು ಹೀರಿ ಮೈಯಲ್ಲಿಟ್ಟುಕೊಳ್ಳುವ ಗುಣ ಈ ಸಸ್ಯಕ್ಕುಂಟು. ಜಯಂತಿ ನಾಲೆಯೂ ಕಾಳಾ ಓಢಾವೂ ಶುದ್ಧವಾಗುವುದಕ್ಕೆ ಎಷ್ಟು ವರ್ಷಗಳು ಹಿಡಿದರೂ, ದೋಣಿಯ ಗಸ್ತನ್ನು ಬರುವ ಅಕ್ಟೋಬರಿನಲ್ಲಿ, ಬರಗೆ ಹಾಕುವ ಕೂಲಿಯವರು ಇನ್ನೂ ಬಂಧಾರದ ಮೇಲಿರುವಾಗಲೇ ಆರಂಭಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.